ಅಟೊಮಾಕ್ಸೆಟಿನ್: ಮೂರನೆಯ ಪ್ರಯತ್ನದಲ್ಲಿ ಹತ್ತಿದ ಗುಣ

ಕಲಬುರಗಿಯ ಗಂಜಿನಲ್ಲಿ ಅಡತಿ ಅಂಗಡಿಯೊಂದರ ಲೆಕ್ಕ ಬರೆಯುವ ನಾನು ಎಡಿಎಚ್‌ಡಿಗೆ, ಅಂದರೆ ಗಮನ ಒಂದೆಡೆ ನಿಲ್ಲದ ತೊಂದರೆಗೆ, ಅಟೊಮಾಕ್ಸೆಟಿನ್ ಎಂಬ ಔಷಧಿ ಶುರುಮಾಡಿದಾಗ, ಅದೇ ತೊಂದರೆಗೆ ಮೀಥೈಲ್‌ಫೆನಿಡೇಟ್ ಎಂಬ ಬೇರೆ ಔಷಧಿ ತೆಗೆದುಕೊಳ್ಳುವ ಗೆಳೆಯನೊಬ್ಬ ‘ಅದಕ್ಕಿಂತ ಮಜ್ಜಿಗೆ ಕುಡಿ, ಹೊಟ್ಟೆಯಾದರೂ ತಣ್ಣಗಿರುತ್ತದೆ’ ಎಂದು ನಕ್ಕಿದ್ದ. ಅವನ ಗುಳಿಗೆಯನ್ನು ನಾನೂ ತೆಗೆದುಕೊಂಡು ನೋಡಿದವನೇ. ಮಧ್ಯಾಹ್ನ ನುಂಗಿದ್ದರ ಗುಣ ಮೂರು-ನಾಲ್ಕು ತಾಸಿಗೆ ಇಳಿದು, ಕೀರ್ದಿ ಮುಗಿಸುವ ಹೊತ್ತಿಗೆ ಸರಿಯಾಗಿ ಸಿಡುಕು ಹತ್ತುತ್ತಿತ್ತು.

ಮೊದಲೆರಡು ಪ್ರಯತ್ನಗಳು ಕೆಟ್ಟದ್ದು ನನ್ನಿಂದಲೇ. ಮೊದಲ ಸಲ ಬೆಳಗಿನ ಆರಕ್ಕೆ ಬರೀ ಚಹಾದೊಂದಿಗೆ ನುಂಗಿ, ಎಂಟರೊಳಗೆ ಹೊಟ್ಟೆ ತೊಳಸಿ, ಗುಣವೂ ಕಾಣದೆ ಹನ್ನೆರಡು ದಿನಕ್ಕೆ ಬಿಟ್ಟೆ. ಎರಡನೆಯ ಸಲ, ನಾಲ್ಕರಿಂದ ಆರು ವಾರ ದಿನವೂ ಬಿಡದೆ ತೆಗೆದುಕೊಂಡರೆ ಮಾತ್ರ ಗುಣ ತೋರುವ ಈ ಔಷಧಿಯನ್ನು ತಲೆನೋವಿನ ಗುಳಿಗೆಯಂತೆ ಕೆಲಸ ಹೆಚ್ಚಿರುವ ದಿನಗಳಿಗಷ್ಟೇ ಇಟ್ಟುಕೊಂಡೆ. ಸಾಲದ್ದಕ್ಕೆ, ಹಣ ಉಳಿಸಲೆಂದು 40 ಮಿಲಿಗ್ರಾಂ ಕ್ಯಾಪ್ಸೂಲನ್ನು ಬಿಚ್ಚಿ ಪುಡಿಯನ್ನು ಕಾಗದದ ಮೇಲೆ ಎರಡು ಪಾಲು ಮಾಡುವಾಗ ಅದೇ ಬೆರಳಿನಿಂದ ಕಣ್ಣು ಒರೆಸಿಕೊಂಡು, ಮೆಣಸಿನಕಾಯಿ ಬಿದ್ದವನಂತೆ ಅರ್ಧ ತಾಸು ನಲ್ಲಿಯ ಕೆಳಗೆ ನಿಂತಿದ್ದೆ. ಕ್ಯಾಪ್ಸೂಲ್ ಬಿಚ್ಚಬಾರದೆಂದು ಪೊಟ್ಟಣದ ಚೀಟಿಯಲ್ಲೇ ಬರೆದಿರುತ್ತದೆ.

ಮೂರನೆಯ ಸಲ ನವೆಂಬರಿನಲ್ಲಿ ಹಿಡಿದೆ. ವೈದ್ಯರು 40ರಿಂದ ಆರಂಭಿಸಿ ವಾರದ ನಂತರ 80ಕ್ಕೆ ಏರಿಸಿದರು. ಒಂದೂವರೆ ಜೋಳದ ರೊಟ್ಟಿ, ಶೇಂಗಾ ಹಿಂಡಿ ತಿಂದ ಮೇಲೆ ನುಂಗಲಾರಂಭಿಸಿದಾಗ ತೊಳಸುವುದು ನಿಂತಿತು. ಆದರೆ 80ನ್ನೂ ಬೆಳಿಗ್ಗೆಯೇ ತೆಗೆದುಕೊಂಡರೆ ಹನ್ನೊಂದಕ್ಕೆ ರೆಪ್ಪೆ ಭಾರ. ರಾತ್ರಿಗೆ ಬದಲಿಸಿದರೆ ಮೂರಕ್ಕೆ ಎಚ್ಚರ, ಜೊತೆಗೆ ಬಚ್ಚಲಿನಲ್ಲಿ ಮೂತ್ರಕ್ಕಾಗಿ ಕಾದು ನಿಲ್ಲುವ ಪಾಡು. ಕೊನೆಗೆ ವೈದ್ಯರನ್ನು ಕೇಳಿ ಬೆಳಿಗ್ಗೆ 40, ಸಂಜೆ ಐದಕ್ಕೆ ಸುಸಲಾದೊಂದಿಗೆ 40 ಎಂದು ಹಂಚಿಕೊಂಡೆ. ಸಂಜೆಯದನ್ನು ಮರೆಯದಿರಲು ಮಾಡಿಕೊಂಡಿರುವ ಉಪಾಯವನ್ನು ಇಲ್ಲಿ ಹೇಳುವುದಿಲ್ಲ. ಅಂಗಡಿಯ ಹುಡುಗರು ಓದಿದರೆ ಅದು ಕೆಡುತ್ತದೆ.

ನಡುವೆ ಇನ್ನೊಂದು ಪರೀಕ್ಷೆಯನ್ನೂ ಮಾಡಿದೆ. ನಾಡಿ ಬಡಿತ ಎಪ್ಪತ್ತೈದರಿಂದ ತೊಂಬತ್ತರ ಹತ್ತಿರಕ್ಕೆ ಹೋದುದರಿಂದ ಸುಮಾರು ಎರಡು ಸಾವಿರ ಕೊಟ್ಟು ರಕ್ತದೊತ್ತಡದ ಯಂತ್ರ ತಂದು, ಏಳು ಕಪ್ ಚಹಾವನ್ನು ಎರಡಕ್ಕಿಳಿಸಿದೆ. ಇಳಿದದ್ದು ನಾಲ್ಕೈದು ಬಡಿತ ಮಾತ್ರ.

ಐದನೆಯ ವಾರ ಮುಗಿದರೂ ಏನೂ ಇರಲಿಲ್ಲ. ಆರನೆಯ ವಾರದ ಒಂದು ಸಂಜೆ, ತೂಕದ ಚೀಟಿಗಳನ್ನು ಕೀರ್ದಿಗೆ ಏರಿಸುತ್ತಿರುವಾಗ ಫೋನ್ ಬಂತು. ಮಾತಾಡಿ ಇಟ್ಟವನು ಬಿಟ್ಟ ಸಾಲಿಗೇ ಮರಳಿ, ಪುಟ ಮುಗಿಸಿಯೇ ಎದ್ದೆ. ಮೊದಲಾಗಿದ್ದರೆ ಚೀಟಿ ಅಲ್ಲಿ, ಪೆನ್ನು ಇಲ್ಲಿ, ನಾನು ಬೀದಿಯಲ್ಲಿ. ಜನವರಿಯಲ್ಲಿ ತೊಗರಿಯ ಗಾಡಿಗಳು ಸಾಲುಗಟ್ಟಿದ್ದಾಗಲೂ ತಿಂಗಳಿಗೆ ಹತ್ತು-ಹನ್ನೆರಡು ಆಗುತ್ತಿದ್ದ ತಪ್ಪುಗಳು ಎರಡೋ ಮೂರೋ ಆದವು. ಸಾಹುಕಾರರು ಪುಸ್ತಕವನ್ನು ಎರಡು ಸಲ ತಿರುವಿ ನೋಡಿದರು. ಔಷಧಿಗೆ ತಿಂಗಳಿಗೆ ಹೆಚ್ಚುಕಡಿಮೆ 1700 ರೂಪಾಯಿ ಹೋಗುತ್ತದೆ. ತಪ್ಪು ಚೀಟಿಗಳಿಗೆ ಕೈಯಿಂದ ಕಟ್ಟುತ್ತಿದ್ದುದು ಅದಕ್ಕಿಂತ ಹೆಚ್ಚಿತ್ತು.

ಈಗಿನ ತಕರಾರು ಬಿಸಿಲಿನದು. ಬೆವರು, ಬಾಯಿ ಒಣಗುವುದು ಔಷಧಿಯವೋ ನಮ್ಮೂರಿನ ಏಪ್ರಿಲ್ಲಿನವೋ ತಿಳಿಯದಂತಾಗಿದೆ. ಮೇ ಕಳೆಯುವವರೆಗೆ ಪ್ರಮಾಣ ಏರಿಸುವುದು ಬೇಡವೆಂದು ವೈದ್ಯರು ಹೇಳಿದ್ದಾರೆ.