ಮಳೆಗಾಲದಲ್ಲೂ ಸಮಯ ತೋರಿಸಬೇಕು: ಸ್ಮಾರ್ಟ್‌ವಾಚನ್ನು ವಾಚಾಗಿ ಬಳಸುವ ಬಗೆ

ಸ್ಮಾರ್ಟ್‌ವಾಚು ವಾಚೇ ಅಲ್ಲ, ಕೈಗೆ ಕಟ್ಟಿಕೊಂಡ ಮೊಬೈಲು ಎನ್ನುವವರಿದ್ದಾರೆ. ಒಳಗೆ ಹಲ್ಲುಗಾಲಿ, ಸ್ಪ್ರಿಂಗು ಇಲ್ಲ ಎಂಬುದೇ ಅದಕ್ಕೆ ಕಾರಣವಾದರೆ ಆ ವಾದ ನಿಲ್ಲುವುದಿಲ್ಲ. ಹಾಗೆ ನೋಡಿದರೆ ಅಂಕಿ ತೋರಿಸುವ ಹಳೆಯ ಡಿಜಿಟಲ್ ವಾಚುಗಳನ್ನೂ ಪಂಕ್ತಿಯಿಂದ ಎಬ್ಬಿಸಬೇಕಾಗುತ್ತದೆ. ಸಾಮಾನ್ಯ ಸೆಲ್ ವಾಚಿನಲ್ಲಿ ಸಮಯ ಅಳೆಯುವುದು ಸೆಕೆಂಡಿಗೆ 32,768 ಸಲ ಕಂಪಿಸುವ ಕ್ವಾರ್ಟ್ಜ್ ಹರಳು. ಆ ಸಂಖ್ಯೆಯನ್ನು 15 ಸಲ ಅರ್ಧ ಮಾಡುತ್ತ ಹೋದರೆ ಸೆಕೆಂಡಿಗೆ ಒಂದು ಮಿಡಿತ ಸಿಗುತ್ತದೆ. ಸ್ಮಾರ್ಟ್‌ವಾಚಿನೊಳಗೆ ಲೆಕ್ಕ ಇಡುವುದೂ ಇಂಥದೇ ಹರಳು.

ನಿಜವಾದ ಪರೀಕ್ಷೆ ಬೇರೆ. ಪುನರ್ವಸು ಮಳೆ ಹಿಡಿದು, ಲೈನಿನ ಮೇಲೆ ಮರ ಬಿದ್ದು, ಮಲೆನಾಡಿನ ಹೊಸನಗರದ ಕಡೆಯ ಒಂಟಿಮನೆಯಲ್ಲಿ ಮೂರು ದಿನ ಕರೆಂಟಿಲ್ಲ, ಟವರೂ ಇಲ್ಲ. ಆಗಲೂ ಕೈ ಎತ್ತಿದರೆ ಸಮಯ ಕಾಣಬೇಕು. ಕಂಡರೆ ಅದು ವಾಚು. ಅಂಗಡಿಯಿಂದ ತಂದ ಹಾಗೇ ಕಟ್ಟಿಕೊಂಡರೆ ಬಹಳಷ್ಟು ಸ್ಮಾರ್ಟ್‌ವಾಚುಗಳು ಇದರಲ್ಲಿ ಸೋಲುತ್ತವೆ. ಸ್ವಲ್ಪ ಹೊಂದಿಸಿಕೊಂಡರೆ ಹೆಚ್ಚಿನವು ಗೆಲ್ಲುತ್ತವೆ.

ಮಳೆಗಾಲಕ್ಕೆ ಮುಂಚೆ ಒಂದು ವಾರದ ಪರೀಕ್ಷೆ

ವಾಚನ್ನು ಪೂರ್ತಿ ಚಾರ್ಜ್ ಮಾಡಿ, ಮೊಬೈಲಿನ ಜೊತೆ ಒಮ್ಮೆ ಸಮಯ ಹೊಂದಿಸಿ, ಆಮೇಲೆ ಮೊಬೈಲಿನ ಬ್ಲೂಟೂತ್ ಆರಿಸಿಬಿಡಿ. ಏಳು ದಿನ ಹಾಗೇ ಇರಲಿ, ಮಧ್ಯೆ ಚಾರ್ಜ್ ಬೇಕಾದರೆ ಮಾಡಿ. ಎಂಟನೆಯ ದಿನ ಸರಿಯಾದ ಗಡಿಯಾರದೊಂದಿಗೆ ಹೋಲಿಸಿ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಭಾರತೀಯ ಕಾಲಮಾನವನ್ನು ಕಾಯುತ್ತದೆ; ಅದರ ಜಾಲತಾಣದ ಗಡಿಯಾರವನ್ನು ನೋಡಬಹುದು. ಡಿಶ್ ಟಿವಿ, ರೇಡಿಯೊ ಆಪ್ ನೋಡಿ ಹೋಲಿಸಬೇಡಿ, ಅವು ಕೆಲವು ಸೆಕೆಂಡು ತಡವಾಗಿ ಬರುತ್ತವೆ.

ಸಾಮಾನ್ಯ ಕ್ವಾರ್ಟ್ಜ್ ವಾಚಿಗೆ ತಿಂಗಳಿಗೆ 15 ಸೆಕೆಂಡು ಹಿಂದೆಮುಂದೆ ಆಗುವುದು ಮಾಮೂಲು. ಅಂದರೆ ವಾರಕ್ಕೆ ಮೂರು–ನಾಲ್ಕು ಸೆಕೆಂಡು. ನಿಮ್ಮ ಸ್ಮಾರ್ಟ್‌ವಾಚೂ ಇದರ ಆಸುಪಾಸಿನಲ್ಲಿದ್ದರೆ ಒಳಗಿನ ಹರಳು ಚೆನ್ನಾಗಿದೆ. ವಾರಕ್ಕೆ ಅರ್ಧ ನಿಮಿಷ ತಪ್ಪಿದರೆ ಅದು ಈವರೆಗೆ ಮೊಬೈಲಿನ ಸಮಯವನ್ನೇ ಎರವಲು ತಂದು ತೋರಿಸುತ್ತಿತ್ತು ಎಂದರ್ಥ. ಈ ಹರಳುಗಳು 25 ಡಿಗ್ರಿ ಸೆಲ್ಸಿಯಸ್ ಸುತ್ತ ಸರಿಯಾಗಿ ನಡೆಯುತ್ತವೆ, ಅದಕ್ಕಿಂತ ತಣ್ಣಗಾದರೂ ಬಿಸಿಯಾದರೂ ನಿಧಾನವಾಗುತ್ತವೆ. ಹಾಗಾಗಿ ಪರೀಕ್ಷೆಯ ವಾರ ವಾಚು ಕೈಯಲ್ಲೇ ಇರಲಿ, ಕಿಟಕಿಯ ಮೇಲೆ ಬೇಡ.

ಇನ್ನೊಂದನ್ನೂ ನೋಡಿಕೊಳ್ಳಿ. ಚಾರ್ಜ್ ಪೂರ್ತಿ ಇಳಿದು ಆರಿಹೋಗಲು ಬಿಡಿ, ಒಂದು ರಾತ್ರಿ ಕಳೆದು ಮೊಬೈಲಿಲ್ಲದೆ ಚಾರ್ಜ್ ಹಾಕಿ. ಅಗ್ಗದ ವಾಚುಗಳಲ್ಲಿ ಅನೇಕವು ಸಮಯ ಮರೆತು ಸೊನ್ನೆಯಿಂದ ಶುರುಮಾಡುತ್ತವೆ, ಕೈಯಿಂದ ಸಮಯ ಹೊಂದಿಸಲು ಜಾಗವೂ ಇರುವುದಿಲ್ಲ. ಅಂಥ ವಾಚನ್ನು ಮಳೆಗಾಲದಲ್ಲಿ ಒಂದು ದಿನವೂ ಆರಲು ಬಿಡಬಾರದು. ಕೊಳ್ಳುವ ಮುಂಚೆ ಅಂಗಡಿಯಲ್ಲೇ, ಮೊಬೈಲಿಲ್ಲದೆ ಸಮಯ ತಿದ್ದಲು ಬರುತ್ತದೆಯೇ ಎಂದು ಕೇಳಿ.

ಚಾರ್ಜ್ ಉಳಿಸುವುದು

ಡಬ್ಬಿಯ ಮೇಲೆ ಬರೆದ ದಿನಗಳನ್ನು ನಂಬಿ ಕೂರಬೇಡಿ. ಬೆಳಗ್ಗೆ ನೂರಕ್ಕೆ ಚಾರ್ಜ್ ಮಾಡಿ, ಮರುದಿನ ಅದೇ ಹೊತ್ತಿಗೆ ನೋಡಿ. 25 ಇಳಿದಿದ್ದರೆ ನಾಲ್ಕೇ ದಿನ. ದಿನಕ್ಕೆ 10ರ ಆಸುಪಾಸು ತಂದರೆ ಮಲೆನಾಡಿಗೆ ಸಾಕು.

ಹೆಚ್ಚು ತಿನ್ನುವುದು ಸದಾ ಉರಿಯುವ ಪರದೆ. ಅದನ್ನು ಆರಿಸಿ. ಕೈ ಎತ್ತಿದರೆ ಹೊತ್ತುವ ವ್ಯವಸ್ಥೆಯೂ ತೋಟದ ಕೆಲಸದಲ್ಲಿ ಸುಮ್ಮಸುಮ್ಮನೆ ಹೊತ್ತಿಕೊಳ್ಳುತ್ತದೆ, ಗುಂಡಿ ಒತ್ತಿ ನೋಡುವ ಹಾಗೆ ಇಟ್ಟುಕೊಳ್ಳಿ. ರಕ್ತದ ಆಮ್ಲಜನಕ ಅಳೆಯುವುದು, ಬಿಡದೆ ಎದೆಬಡಿತ ಅಳೆಯುವುದು, ಕರೆ ಸ್ವೀಕರಿಸುವುದು, ಜಿಪಿಎಸ್, ಇವನ್ನು ಬೇಕಾದಾಗ ಮಾತ್ರ ಹಾಕಿ. ಬಿಸಿಲಲ್ಲಿ ತಾನಾಗಿ ಕಾಣುವ, ಒಳಬೆಳಕು ಬೇಡದ ಪರದೆಯ ವಾಚುಗಳೂ ಇವೆ. ಬಣ್ಣ ಮಂಕು, ಆದರೆ ಸದಾ ಸಮಯ ಕಾಣಿಸಿಯೂ ವಾರಗಟ್ಟಲೆ ಬಾಳುತ್ತವೆ. ವಾಚಾಗಿ ಬಳಸುವವರಿಗೆ ಇವೇ ಉತ್ತಮ.

ಕರೆಂಟು ಹೋದಾಗ ಪವರ್‌ಬ್ಯಾಂಕು ಇದೆಯಲ್ಲ ಎನ್ನಿಸಬಹುದು. ವಾಚಿನ ಬ್ಯಾಟರಿ ಸಾಮಾನ್ಯವಾಗಿ 200–300 ಎಂಎಎಚ್, 10,000ದ ಪವರ್‌ಬ್ಯಾಂಕಿನಿಂದ ಸೋರಿಕೆ ಕಳೆದೂ ಹದಿನೈದು–ಇಪ್ಪತ್ತು ಸಲ ತುಂಬಬಹುದು. ತೊಡಕು ಇರುವುದು ಬೇರೆ ಕಡೆ: ವಾಚು ಎಳೆಯುವ ಕರೆಂಟು ತೀರಾ ಕಡಿಮೆ, ಏನೂ ಸಿಕ್ಕಿಸಿಲ್ಲವೆಂದುಕೊಂಡು ಪವರ್‌ಬ್ಯಾಂಕು ಅರ್ಧದಲ್ಲೇ ಆರಿಬಿಡುತ್ತದೆ. ರಾತ್ರಿ ಹಾಕಿಟ್ಟ ವಾಚು ಬೆಳಗ್ಗೆ ಅಷ್ಟಕ್ಕಷ್ಟೇ ಇರುತ್ತದೆ. ಕೆಲವು ಪವರ್‌ಬ್ಯಾಂಕುಗಳಲ್ಲಿ ಗುಂಡಿಯನ್ನು ಎರಡು ಸಲ ಒತ್ತಿದರೆ ಕಡಿಮೆ ಕರೆಂಟಿನ ವ್ಯವಸ್ಥೆ ಚಾಲೂ ಆಗುತ್ತದೆ. ಇಲ್ಲದಿದ್ದರೆ ಜೊತೆಗೆ ಮೊಬೈಲನ್ನೂ ಸಿಕ್ಕಿಸಿ.

ಪಿನ್ನಿನಿಂದ ಚಾರ್ಜ್ ಆಗುವ ವಾಚಾದರೆ ಪ್ರತಿ ಸಲವೂ ಹಿಂಬದಿ ಒರೆಸಿ, ಪೂರ್ತಿ ಒಣಗಿದ ಮೇಲಷ್ಟೇ ಚಾರ್ಜರಿಗೆ ಇಡಿ. ಬೆವರಿನ ಉಪ್ಪು, ನೀರು, ಕರೆಂಟು ಮೂರೂ ಸೇರಿದರೆ ಪಿನ್ನು ಕರಗುತ್ತ ಹಸಿರುಗಟ್ಟುತ್ತದೆ. ಹಸಿರು ಕಂಡರೆ ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಉಜ್ಜಿ, ಬ್ಲೇಡಿನಿಂದ ಕೆರೆಯಬೇಡಿ. ಮೇಲಿನ ಲೇಪ ಹೋದರೆ ಪಿನ್ನು ಇನ್ನೂ ಬೇಗ ಹಾಳಾಗುತ್ತದೆ.

ಮಳೆ, ಬಚ್ಚಲು, ಮೈಲುತುತ್ತ

ವಾಚಿನ ಮೇಲೆ 3 ಎಟಿಎಂ (ನೀರಿನ ಒತ್ತಡ ತಡೆಯುವ ಅಳತೆ) ಅಥವಾ 30 ಮೀಟರ್ ಎಂದು ಬರೆದಿದ್ದರೆ ಮೂವತ್ತು ಮೀಟರ್ ಮುಳುಗಬಹುದೆಂದಲ್ಲ. ಮಳೆಹನಿ, ಕೈ ತೊಳೆಯುವುದು, ಅಷ್ಟಕ್ಕೆ. ಹೊಳೆಯಲ್ಲಿ ಈಜಲು ಕನಿಷ್ಠ 5 ಎಟಿಎಂ ಬೇಕು. ಧೂಳು, ನೀರು ತಡೆಯುವ ಗುರುತಾಗಿ ಬರೆಯುವ ಐಪಿ68 ಎಂಬುದು ನಿಂತ ಸಿಹಿನೀರಿನ ಪರೀಕ್ಷೆ.

ಮಳೆಗಿಂತ ಹೆಚ್ಚು ವಾಚು ಕೆಡಿಸುವುದು ಬಚ್ಚಲುಮನೆ. ಹಂಡೆಯ ಬಿಸಿನೀರಿಗೆ ವಾಚಿನ ಮುಚ್ಚಳದಂಚಿನ ರಬ್ಬರ್ ಬಳೆ ಸಡಿಲವಾಗುತ್ತದೆ, ಸಣ್ಣ ಸಂದಿನಲ್ಲೂ ಹಬೆ ನುಗ್ಗುತ್ತದೆ, ಸೋಪು ನೀರಿನ ಬಿಗಿತ ಕಳೆದು ಒಳಹೋಗಲು ದಾರಿಮಾಡುತ್ತದೆ. ಆಮೇಲೆ ಆಗುಂಬೆಯ ಚಳಿಗಾಳಿಗೆ ಬಂದಾಗ ಗಾಜಿನೊಳಗೆ ಮಂಜು ಕಟ್ಟುತ್ತದೆ. ಸ್ನಾನಕ್ಕೆ ಬಿಚ್ಚಿಡಿ, ಎಷ್ಟೇ ಎಟಿಎಂ ಇರಲಿ.

ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನ ವಾಚು ಮನೆಯಲ್ಲಿರಲಿ. 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೊ ಸುಣ್ಣದ ಬೋರ್ಡೋ ದ್ರಾವಣದಲ್ಲಿ ಸುಣ್ಣ ಕಡಿಮೆಯಾದರೆ ಅದ್ದಿದ ಕತ್ತಿಯ ಮೇಲೆ ತಾಮ್ರ ಕೂರುತ್ತದೆ. ಅದೇ ದ್ರಾವಣ ಅಲ್ಯೂಮಿನಿಯಂ ಚೌಕಟ್ಟನ್ನೂ ಕೊರೆಯುತ್ತದೆ. ಸೊಳ್ಳೆ ಮುಲಾಮಿನ ಡೀಟ್ ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗೆ ಮಾಡುತ್ತದೆ. ಹಚ್ಚಿದ ಕೈ ತೊಳೆದು ವಾಚು ಮುಟ್ಟಿ. ಅಡಿಕೆ ಚೊಗರು ಬಿಳಿ ಪಟ್ಟಿಯ ಮೇಲೆ ಬಿದ್ದರೆ ಹೋಗುವುದಿಲ್ಲ.

ಗಾಜಿನೊಳಗೆ ಮಂಜು ಕಂಡರೆ ವಾಚು ಆರಿಸಿ, ಚಾರ್ಜ್ ಹಾಕಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ 50 ಗ್ರಾಂ ಸಿಲಿಕಾ ಜೆಲ್ ಜೊತೆ ಎರಡು ದಿನ ಇಡಿ. ಅಕ್ಕಿಯಲ್ಲಿ ಹೂತರೆ ಉಪಯೋಗ ಕಡಿಮೆ, ಧೂಳು ಬೇರೆ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಲಿಥಿಯಂ ಬ್ಯಾಟರಿಗೆ ಅಪಾಯ. ಮಂಜು ಹೋದರೂ ರಬ್ಬರ್ ಬಳೆ ಕೆಟ್ಟಿರುತ್ತದೆ, ಇನ್ನು ಆ ವಾಚಿಗೆ ನೀರು ತಾಗಿಸಬಾರದು.

ಜೊತೆಗೊಂದು ಸೆಲ್ ವಾಚು

ಆಷಾಢ, ಶ್ರಾವಣ ಎರಡು ತಿಂಗಳು ಸೆಲ್ ವಾಚೊಂದು ಮನೆಯಲ್ಲಿರುವುದು ಒಳ್ಳೆಯದು. ಬಹಳಷ್ಟು ಮುಳ್ಳಿನ ವಾಚುಗಳಿಗೆ ಎಸ್‌ಆರ್626ಎಸ್‌ಡಬ್ಲ್ಯು ಸೆಲ್. ಅದಕ್ಕೆ 377 ಎಂದೂ ಹೇಳುತ್ತಾರೆ. ಅದೇ ಗಾತ್ರದ ಅಗ್ಗದ ಸೆಲ್ಲು ಎಲ್‌ಆರ್ ಎಂದು ಶುರುವಾಗುತ್ತದೆ. ಅದು ಆಲ್ಕಲೈನ್, ಬೇಗ ಸೋರಿ ಒಳಗನ್ನು ತಿನ್ನುತ್ತದೆ. ಹೆಸರು ಓದಿ ಎಸ್‌ಆರ್ ಅನ್ನೇ ಕೇಳಿ. ಮುಚ್ಚಳ ತೆಗೆದಾಗ ರಬ್ಬರ್ ಬಳೆ ಒರೆಸಿ ತೆಳ್ಳಗೆ ಸಿಲಿಕೋನ್ ಗ್ರೀಸ್ ಸವರಲು ರಿಪೇರಿಯವರಿಗೆ ಹೇಳಿ. ಸೆಕೆಂಡು ಮುಳ್ಳು ಒಂದೊಂದಾಗಿ ನಡೆಯದೆ ನಾಲ್ಕು ಸೆಕೆಂಡಿಗೊಮ್ಮೆ ಹಾರುತ್ತಿದ್ದರೆ ಸೆಲ್ ಮುಗಿಯುತ್ತಿದೆ ಎಂಬ ಸೂಚನೆ, ಎಲ್ಲ ವಾಚಿನಲ್ಲೂ ಇದು ಇರುವುದಿಲ್ಲ. ನಿಂತುಹೋದ ವಾಚಿನಲ್ಲಿ ಸೆಲ್ ಬಿಡಬೇಡಿ.

ಮನೆಯಲ್ಲಿ ಅಜ್ಜನ ಕಾಲದ ಕೀ ಕೊಡುವ ಎಚ್‌ಎಂಟಿ ಇದ್ದರೆ ಮಳೆಗಾಲದಲ್ಲಿ ಅದನ್ನು ಹೊರಗೆ ಕಟ್ಟಬೇಡಿ. ಕೀಲಿಯ ಸಂದಿನಿಂದ ಒದ್ದೆ ಇಳಿದು ಉಕ್ಕಿನ ಭಾಗಗಳು ತುಕ್ಕು ಹಿಡಿಯುತ್ತವೆ. ಚರ್ಮದ ಪಟ್ಟಿ ಬಿಚ್ಚಿ ಬೇರೆ ಇಡಿ, ಬೂಷ್ಟು ಮೊದಲು ಹಿಡಿಯುವುದು ಅದಕ್ಕೆ. ವಾಚು ಮಾತ್ರ ಸಿಲಿಕಾ ಜೆಲ್ ಡಬ್ಬಿಗೆ ಹೋಗಲಿ. ಬಣ್ಣ ಬದಲಿಸುವ ಜೆಲ್ ಕೊಂಡರೆ ಒದ್ದೆಯಾದದ್ದು ಕಣ್ಣಿಗೆ ತಿಳಿಯುತ್ತದೆ. ಬಣ್ಣ ತಿರುಗಿದೊಡನೆ ಜೆಲ್ಲನ್ನಷ್ಟೇ 110–120 ಡಿಗ್ರಿಯಲ್ಲಿ ಒಂದೆರಡು ಗಂಟೆ ಒಣಗಿಸಿ, ತಣ್ಣಗಾದ ಮೇಲೆ ಮತ್ತೆ ಡಬ್ಬಿಗೆ ಹಾಕಿ.