ಮಗು ಜೊತೆ ಒಬ್ಬನೇ ಇದ್ದು ಕಲಿತ ಅಪ್ಪತನ

ಮಕ್ಕಳಾಗೋಕೆ ಮುಂಚೆ ಅಪ್ಪ ಅಂದ್ರೆ ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ: ದುಡಿದು ತರಬೇಕು, ಫೀಸು ಕಟ್ಟಬೇಕು, ಆಗಾಗ ಗದರಬೇಕು. ನಮ್ಮಪ್ಪ ಹಾಗೇ ಇದ್ದರು. ಟೊಮೆಟೊ ಬಾಕ್ಸ್ ತುಂಬಿಸಿಕೊಂಡು ಕೋಲಾರದ ಎಪಿಎಂಸಿಗೆ ಹೊರಟರೆ ನಾವು ಏಳೋ ಹೊತ್ತಿಗೆ ಮನೇಲಿ ಇರುತ್ತಿರಲಿಲ್ಲ, ಏನಾದರೂ ಬೇಕಿದ್ದರೆ ಅಮ್ಮನ ಕೈಲಿ ಹೇಳಿಸುತ್ತಿದ್ದೆವು. ಕೂಸು ನಡೆದು ಮಾತಾಡೋಕೆ ಶುರು ಮಾಡಿದ ಮೇಲೆ ಅಪ್ಪನ ಕೆಲಸ ಅಂತ ನಾನೂ ತಿಳಿದಿದ್ದೆ.

ನನ್ನ ಹೆಂಡತಿ ನರಸಾಪುರದ ಕಡೆ ಕಾರ್ಖಾನೆಗೆ ಹೋಗುತ್ತಾಳೆ. 2017ರಲ್ಲಿ ಕಾನೂನು ತಿದ್ದಿದ ಮೇಲೆ ಹೆರಿಗೆ ರಜೆ 26 ವಾರ ಆಗಿದೆ. ಅವಳು ಅದಷ್ಟನ್ನೂ ಹೆರಿಗೆ ಆದಮೇಲೇ ತಗೊಂಡಳು. ಹಾಗಾಗಿ ರಜೆ ಮುಗಿಯೋದೂ ಮಗಳಿಗೆ ಆರು ತಿಂಗಳು ತುಂಬೋದೂ ಒಟ್ಟಿಗೇ ಬಂತು. ಎದೆಹಾಲಿನ ಜೊತೆ ಬೇರೆ ಊಟ ಶುರು ಮಾಡೋದೂ ಆವಾಗಲೇ ಅಲ್ವಾ. ತೋಟ ತಮ್ಮ ನೋಡಿಕೊಂಡ, ಮಗಳು ನನ್ನ ಪಾಲಿಗೆ ಬಂದಳು.

ಮೊದಲು ರಾಗಿ ಸರಿ ಮಾಡೋದು ಕಲಿತೆ. ರಾಗಿ ತೊಳೆದು ರಾತ್ರಿ ನೆನೆಹಾಕಿ, ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಬಿಳಿ ಮೊಳಕೆ ಬರುತ್ತೆ. ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಹಿಟ್ಟು ಮಾಡಿಸಿ, ತೆಳು ಪಂಚೆ ಬಟ್ಟೆಯಲ್ಲಿ ಜಾಲಿಸಬೇಕು. ತಣ್ಣೀರಲ್ಲಿ ಕಲಸಿ ಒಲೆ ಮೇಲಿಟ್ಟು ಕೈ ಬಿಡದೆ ತಿರುವಬೇಕು, ಇಲ್ಲಾಂದ್ರೆ ಗಂಟು. ಚಮಚ ಓರೆ ಮಾಡಿದರೆ ಸುರಿದುಹೋಗದಷ್ಟು ಗಟ್ಟಿ ಇರಬೇಕು. ಒಂದು ವರ್ಷದವರೆಗೆ ಜೇನುತುಪ್ಪ ಬೇಡ, ಉಪ್ಪು ಸಕ್ಕರೆಯೂ ಬೇಡ. ಇದನ್ನು ಮನೆಯ ಹಿರಿಯರಿಗೆ ಒಪ್ಪಿಸೋದೇ ಅಡುಗೆಗಿಂತ ಕಷ್ಟ ಆಯ್ತು.

ದಿನಾ ಉಣ್ಣಿಸಿ ಮಲಗಿಸೋವಾಗ ಒಂದೊಂದೇ ಗೊತ್ತಾಗುತ್ತಾ ಬಂತು. ನಿದ್ದೆ ಬಂದರೆ ಕಿವಿ ಎಳೆದುಕೊಳ್ಳುತ್ತಾಳೆ. ಹೊಟ್ಟೆ ತುಂಬಿದರೆ ಮುಖ ಆ ಕಡೆ ತಿರುಗಿಸುತ್ತಾಳೆ, ಆಮೇಲೆ ತುರುಕಬಾರದು. ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾ ಲಸಿಕೆಗೆ ಕರಕೊಂಡು ಹೋದರೆ ನರ್ಸಮ್ಮ, "ಅವರಮ್ಮ ಬಂದಿಲ್ವಾ ಅಣ್ಣಾ?" ಅಂದರು. ಏನು ತಿಂತಾಳೆ, ಹಿಂದಿನ ಲಸಿಕೆಗೆ ಜ್ವರ ಬಂದಿತ್ತಾ, ಕೇಳಿದ್ದಕ್ಕೆಲ್ಲ ನಾನೇ ಉತ್ತರ ಕೊಟ್ಟೆ. ಅವತ್ತು ಆದ ಖುಷಿ, ಒಳ್ಳೇ ರೇಟಿಗೆ ಬೆಳೆ ಹೋದಾಗಲೂ ಆಗಿರಲಿಲ್ಲ.

ಗಂಡಸಿನ ಮೈ ಇದಕ್ಕೆ ಒಗ್ಗಲ್ಲ ಅಂತಾರಲ್ಲ, ಅದನ್ನು ನಾನು ಒಪ್ಪಲ್ಲ. ಫಿಲಿಪೈನ್ಸ್‌ನ ಸೆಬುನಲ್ಲಿ ಗಂಡಸರನ್ನು ವರ್ಷಗಟ್ಟಲೆ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಅಪ್ಪ ಆದವರಲ್ಲಿ, ಗಂಡಸಿನ ಲಕ್ಷಣಗಳಿಗೆ ಕಾರಣವಾದ ಟೆಸ್ಟೋಸ್ಟೆರಾನ್ ಹಾರ್ಮೋನು ಇಳಿದಿತ್ತು, ದಿನಕ್ಕೆ ಮೂರು ಗಂಟೆ ಅಥವಾ ಜಾಸ್ತಿ ಮಗು ನೋಡಿಕೊಳ್ಳುತ್ತಿದ್ದವರಲ್ಲಿ ಅದು ಇನ್ನೂ ಕಡಿಮೆ ಇತ್ತು. ಅಂದ್ರೆ ಮಗು ಸಾಕೋದಕ್ಕೆ ನಮ್ಮ ಮೈಯೂ ಹೊಂದಿಕೊಳ್ಳುತ್ತೆ.

ಎರಡನೆಯದಾಗಿ ಮಗ ಹುಟ್ಟಿದಾಗ ನಡೆಯೋವರೆಗೂ ಕಾಯಲಿಲ್ಲ, ಮೊದಲ ದಿನವೇ ಎತ್ತಿಕೊಂಡೆ. ಗದರೋದೂ ತಾನಾಗೇ ಕಡಿಮೆ ಆಯ್ತು. ಯಾಕೆ ಅಳ್ತಿದೆ ಅಂತ ಗೊತ್ತಿರೋ ಮಗುವಿನ ಮೇಲೆ ಸಿಟ್ಟು ಎಲ್ಲಿಂದ ಬರುತ್ತೆ?

ಹೊಸದಾಗಿ ಅಪ್ಪ ಆದವರಿಗೆ ನಾನು ಹೇಳೋದು, ಸುಮ್ನೆ ಆಗಾಗ ಎತ್ತಿ ಆಡಿಸೋದು ಸಾಲಲ್ಲ. ಊಟವೋ ಸ್ನಾನವೋ, ಒಂದು ಕೆಲಸ ಪೂರ್ತಿ ನಿಮ್ಮದು ಮಾಡಿಕೊಳ್ಳಿ. ಆ ಹೊತ್ತಲ್ಲಿ ಅಮ್ಮ, ಅತ್ತೆ ಪಕ್ಕದಲ್ಲಿ ನಿಂತು "ಕೊಡಪ್ಪ ಇಲ್ಲಿ, ನಿನಗೆ ಆಗಲ್ಲ" ಅನ್ನದ ಹಾಗೆ ಮೊದಲೇ ಮಾತಾಡಿಕೊಳ್ಳಿ. ನಮ್ಮನೇಲಿ ಹಾಗೆ ಅನ್ನಬೇಡಿ ಅಂತ ಮೊದಲೇ ಹೇಳಿಟ್ಟಿದ್ದು ನನ್ನ ಹೆಂಡತಿಯೇ.