ಹಾರರ್ ಆಟ ರುಚಿಸದವರ ಕಾರಣವನ್ನು ಪತ್ತೆ ಹಚ್ಚುವ ಬಗೆ

ಮೇಜಿನ ಸುತ್ತ ಕುಳಿತು ದಾಳ ಉರುಳಿಸುತ್ತ ಕತೆ ಕಟ್ಟುವ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಹಾರರ್ ಪ್ರಕಾರವನ್ನು, ಅಂದರೆ ಭಯಾನಕ ಕತೆಗಳನ್ನು, ಒಲ್ಲೆನೆಂದವರನ್ನು ಉಳಿದವರು ಪುಕ್ಕಲರೆಂದು ಎಣಿಸಿಬಿಡುವುದುಂಟು. ಆಟ ನಡೆಸುವವನಾಗಿ ನಾನು ಕಂಡ ಮಟ್ಟಿಗೆ, ಹೆದರಿ ಎದ್ದುಹೋದವರಿಗಿಂತ ಬೇಸತ್ತು ಎದ್ದುಹೋದವರೇ ಹೆಚ್ಚು. ಹಾಗಾಗಿ, ನಿಮ್ಮ ಗುಂಪಿನಲ್ಲಿ ಅಂಥವರಿದ್ದರೆ, ಆಟ ಮುಗಿದ ಕೂಡಲೇ ಅಭಿಪ್ರಾಯ ಕೇಳದೆ ಒಂದೆರಡು ದಿನ ಬಿಟ್ಟು, ಯಾವ ಗಳಿಗೆಯಲ್ಲಿ ಅವರ ಕೈ ಮೊಬೈಲಿನತ್ತ ಹೋಯಿತೆಂದು ವಿಚಾರಿಸಿ. ಕಾರಣದ ಜಾಡು ಬಹುಮಟ್ಟಿಗೆ ಅಲ್ಲೇ ಸಿಗುತ್ತದೆ.

ಈ ಪ್ರಕಾರದ ಹೆಸರಾಂತ ಆಟವಾದ, ಸ್ಯಾಂಡಿ ಪೀಟರ್ಸನ್ ರಚಿಸಿ ಕೇಯೋಸಿಯಂ ಸಂಸ್ಥೆ 1981ರಲ್ಲಿ ಹೊರತಂದ 'ಕಾಲ್ ಆಫ್ ಕ್ತುಲು'ವನ್ನೇ ನೋಡಿ. 1974ರ ಸಾಹಸದ ಆಟ 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್'ನಲ್ಲಿ ಪಾತ್ರವು ಅನುಭವ ಗಳಿಸಿ ಹಂತ ಹಂತವಾಗಿ ಬಲಿಯುತ್ತದೆ. 'ಕ್ತುಲು'ವಿನಲ್ಲಿ ಅದು ಸವೆಯುತ್ತದೆ. ಭಯಾನಕವಾದುದನ್ನು ಕಂಡಾಗಲೆಲ್ಲ ಒಂದರಿಂದ ನೂರರವರೆಗಿನ ದಾಳ ಹಾಕಬೇಕು, ಸೋತರೆ ಸ್ಯಾನಿಟಿಯ, ಅಂದರೆ ಮನಸ್ಸಿನ ಸ್ಥಿಮಿತದ, ಅಂಕ ಇಳಿಯುತ್ತದೆ, ಅದು ಸೊನ್ನೆಗೆ ಬಂದರೆ ಪಾತ್ರ ಆಟಗಾರನ ಕೈತಪ್ಪಿ ಹೋಗುತ್ತದೆ. ಒಂದೇ ಏಟಿಗೆ ಐದು ಅಥವಾ ಹೆಚ್ಚು ಅಂಕ ಕಳೆದುಕೊಂಡವನು ಬುದ್ಧಿಶಕ್ತಿಯ ದಾಳ ಹಾಕಬೇಕಾಗುತ್ತದೆ. ಅದರಲ್ಲಿ ಗೆದ್ದರೆ, ಅಂದರೆ ಕಂಡದ್ದರ ಅರ್ಥ ಪೂರ್ತಿ ಹೊಳೆದರೆ, ಆಗಲೇ ತಾತ್ಕಾಲಿಕ ಹುಚ್ಚು ಹಿಡಿಯುತ್ತದೆ. 'ಕ್ತುಲು ಮಿಥೋಸ್'ನ, ಅಂದರೆ ಕತೆಯ ಆ ಭಯಾನಕ ಶಕ್ತಿಗಳ, ಅರಿವು ಹೆಚ್ಚಿದಷ್ಟೂ ಸ್ಯಾನಿಟಿಯ ಗರಿಷ್ಠ ಮಿತಿ 99ರಿಂದ ಕೆಳಗಿಳಿಯುತ್ತ ಹೋಗುತ್ತದೆ. ನನಗಿದು ಬಹಳ ಜಾಣತನದ ನಿಯಮವೆನಿಸುತ್ತದೆ. ಆದರೆ ತನ್ನ ಪಾತ್ರವನ್ನು ಮಗುವಿನಂತೆ ಬೆಳೆಸುವ ಆಟಗಾರನಿಗೆ ಇದು ಬರಿಯ ಶಿಕ್ಷೆಯಾಗಿ ಕಾಣುತ್ತದೆ. ಅಂಥವರಿಗೆ ವರ್ಷಗಟ್ಟಲೆ ಸಾಗುವ ಕತೆ ಹೂಡಬೇಡಿ. ಮೊದಲೇ ಸಿದ್ಧಪಡಿಸಿದ ಪಾತ್ರವೊಂದನ್ನು ಕೈಗಿತ್ತು, ಎರಡು ಸಂಜೆಯಲ್ಲಿ ಮುಗಿಯುವ ಕತೆಯಿದು, ಕೊನೆಗೆ ಈತ ಉಳಿಯದೆಯೂ ಇರಬಹುದು ಎಂದು ಮುಂಚಿತವಾಗಿಯೇ ತಿಳಿಸಿ. ಕಳೆದುಕೊಳ್ಳಲಿಕ್ಕೆಂದೇ ಕೊಟ್ಟ ಪಾತ್ರವನ್ನು ಅವರು ಎಷ್ಟು ಧಾರಾಳವಾಗಿ ಅಪಾಯಕ್ಕೆ ಒಡ್ಡುತ್ತಾರೆಂಬುದನ್ನು ಗಮನಿಸಿ.

ಮೊಬೈಲು ಹೊರಬಂದದ್ದು ಕತೆಯ ಪಾತ್ರಗಳು ಗ್ರಂಥಾಲಯದಲ್ಲಿ ಕಡತ ಹುಡುಕುವಾಗಲೆಂದಾದರೆ ದೋಷ ಪ್ರಕಾರದ್ದಲ್ಲ, ನಡೆಸುವವರದು. ದಾಳ ಕೈಕೊಟ್ಟಿತೆಂದು ಮುಖ್ಯ ಸುಳಿವನ್ನೇ ಬಚ್ಚಿಟ್ಟರೆ ಕತೆ ಅಲ್ಲಿಯೇ ನಿಂತುಬಿಡುತ್ತದೆ. ನಾನೂ ಒಮ್ಮೆ ಹೀಗೆ ಮಾಡಿ ಇಡೀ ಸಂಜೆಯನ್ನು ಹಾಳುಮಾಡಿದ್ದೇನೆ. ತನಿಖೆಯ ಕತೆಗಳಿಗೆಂದು ರಾಬಿನ್ ಲಾಸ್ ರೂಪಿಸಿದ ಗಮ್‌ಶೂ ಎಂಬ ಆಟದ ಪದ್ಧತಿಯಲ್ಲಿ, ತಕ್ಕ ಕೌಶಲವುಳ್ಳವರು ತಕ್ಕ ಜಾಗದಲ್ಲಿ ಹುಡುಕಿದರೆ ಮುಖ್ಯ ಸುಳಿವು ದಾಳವಿಲ್ಲದೆಯೇ ಸಿಗುತ್ತದೆ. ನೀವು ಯಾವ ಆಟವಾಡುತ್ತಿದ್ದರೂ ಈ ಒಂದು ನಿಯಮವನ್ನು ಎರವಲು ತನ್ನಿ.

ಇನ್ನೊಂದು ಕಾರಣ ನಮ್ಮ ಕಡೆಯ ಆಟಗಾರರಲ್ಲಿ ಕಾಣಸಿಗುವಂಥದು. ಮನುಷ್ಯನನ್ನು ಲೆಕ್ಕಕ್ಕೇ ಇಡದ, ಮಾತಿಗೆ ಸಿಗದ ಶಕ್ತಿಗಳು ವಿಶ್ವವನ್ನು ತುಂಬಿವೆ ಎಂಬ ಕಲ್ಪನೆಯೇ 'ಕಾಲ್ ಆಫ್ ಕ್ತುಲು'ವಿನ ಭಯಕ್ಕೆ ಬುನಾದಿ. ಆದರೆ ಮುನಿದರೂ ಕೋಲದಲ್ಲಿ ಎದುರು ನಿಂತು ನುಡಿ ಕೊಡುವ, ದೂರು ಕೇಳಿ ನ್ಯಾಯ ತೀರಿಸುವ ದೈವಗಳ ನಡುವೆ ಬೆಳೆದ ಕರಾವಳಿಯವರಿಗೆ ಆ ಮೂಕ ಶಕ್ತಿ ಭಯಕ್ಕಿಂತ ಹೆಚ್ಚಾಗಿ ನೀರಸವೆನಿಸಬಹುದು. ಅಂಥವರಿಗಾಗಿ ಕತೆಯ ಶಕ್ತಿಗೆ ಒಂದು ಬೇಡಿಕೆಯನ್ನೂ ಹಳೆಯದೊಂದು ಬಾಕಿಯನ್ನೂ ಕೊಟ್ಟು ನೋಡಿ. ಚೌಕಾಸಿಗೆ ದಾರಿಯಿದ್ದಲ್ಲಿ ಅವರ ಆಸಕ್ತಿ ಕೆರಳುತ್ತದೆ.

ನಿಜವಾಗಿಯೂ ಮನಸ್ಸು ಕದಡುವವರ ಮಾತು ಬೇರೆ. ಯಾವ ವಿಷಯ ಬೇಡವೆಂದು ಆಟಕ್ಕೆ ಮೊದಲೇ ಕೇಳಿಕೊಳ್ಳಿ, ಎಕ್ಸ್ ಬರೆದ ಕಾರ್ಡೊಂದನ್ನು ಮೇಜಿನ ಮೇಲಿಡಿ. ಯಾರಾದರೂ ಅದನ್ನು ಮುಟ್ಟಿದರೆ ಕಾರಣ ಕೇಳದೆ ಆ ಸಂಗತಿಯನ್ನು ಕೈಬಿಡಿ.

ಇಷ್ಟೆಲ್ಲ ಮಾಡಿಯೂ ಹಿಡಿಸದಿದ್ದರೆ ಒತ್ತಾಯ ಬೇಡ. ಹಾರರ್ ಆಡುವ ವಾರ ಅವರಿಗೆ ರಜೆ ಕೊಟ್ಟು, ಮುಂದಿನ ವಾರದ ಆಟವನ್ನು ಆರಿಸುವ ಸರದಿಯನ್ನು ಅವರಿಗೇ ಬಿಡಿ.